ಸೋಲಾಪುರ ರಸ್ತೆಯ ನರ್ಸರಿಯಿಂದ ತಂದ ಮಜ್ಜಿಗೆ ಹುಲ್ಲು, ಎರಡು ಮಳೆಗಾಲ ಆದ ಮೇಲೆ

ಗಿಡ ತಂದ ವಾರವೇ ರಿವ್ಯೂ ಬರೆಯಲು ಮನಸ್ಸಾಗಲಿಲ್ಲ. ಈಗ ಎರಡು ಮಳೆಗಾಲ, ನಡುವೆ ಒಂದು ಕಡು ಬೇಸಿಗೆ ಕಳೆದಿದೆ. ಮಜ್ಜಿಗೆ ಹುಲ್ಲು, ಅಂದರೆ ಲೆಮನ್‌ಗ್ರಾಸ್, ನನ್ನ ಎದೆಯೆತ್ತರ ಬೆಳೆದಿದೆ. ಪಕ್ಕದಲ್ಲಿ ನೆಟ್ಟದ್ದರಲ್ಲಿ ಯಾವುದು ಉಳಿಯಿತು, ಯಾವುದು ಸತ್ತಿತು ಅನ್ನುವುದೂ ಗೊತ್ತಾಗಿದೆ. ಪುಣೆಯಲ್ಲಿ ಮನೆ ಹಿಂದೆ, ಟೆರೇಸಿನಲ್ಲಿ ನಾಲ್ಕು ಗಿಡ ಹಾಕಿಕೊಂಡಿರುವ ನಮ್ಮ ಕನ್ನಡದವರು ತುಂಬಾ ಜನ ಇದ್ದಾರೆ. ಅವರಿಗೆ ಉಪಯೋಗ ಆಗಲಿ ಎಂದು ಬರೆಯುತ್ತಿದ್ದೇನೆ.

ನರ್ಸರಿ ಇರುವುದು ಹಡಪ್ಸರ್ ದಾಟಿ, ಲೋಣಿ ಕಾಳಭೋರ್ ದಾಟಿ, ಉರುಳಿ ಕಾಂಚನ್ ಹತ್ತಿರ. ಪುಣೆಯಿಂದ ಸುಮಾರು 30 ಕಿಲೋಮೀಟರ್. ಗಾಂಧೀಜಿ 1946ರಲ್ಲಿ ಪ್ರಕೃತಿ ಚಿಕಿತ್ಸೆಯ ಆಶ್ರಮ ಶುರು ಮಾಡಿದ ಊರು ಅದೇ. ರಸ್ತೆಯ ಎರಡೂ ಕಡೆ ನರ್ಸರಿಗಳ ಸಾಲೇ ಇದೆ. ನಾನು ಹೋದದ್ದು ಸಣ್ಣದು, ಒಬ್ಬ ವಯಸ್ಸಾದ ಕಾಕಾ ಮತ್ತು ಅವರ ಸೊಸೆ ನಡೆಸುತ್ತಾರೆ. ಎರಡು ವಿಷಯದಲ್ಲಿ ನನಗೆ ಬೇಸರವೂ ಆಗಿದೆ, ಹಾಗಾಗಿ ಹೆಸರು ಬರೆಯುವುದಿಲ್ಲ. ನಾನು ಕಾಕಾ ಹತ್ತಿರ ಅರ್ಧಂಬರ್ಧ ಮರಾಠಿಯಲ್ಲಿ ಕೇಳುತ್ತಿದ್ದಾಗ ಸೊಸೆ ನಗುತ್ತಾ, "ಅಕ್ಕಾ, ನೀವ್ ಕನ್ನಡದವ್ರೇನ್ರೀ?" ಎಂದಳು. ಅವಳ ತವರು ಅಕ್ಕಲಕೋಟೆ ಕಡೆ. ಅಲ್ಲಿಂದ ಮುಂದೆ ನಮ್ಮ ಮಾತೆಲ್ಲಾ ಕನ್ನಡದಲ್ಲೇ ನಡೆಯಿತು, ಅದರಿಂದ ನನಗೆ ಆದ ಲಾಭ ಗಿಡಕ್ಕಿಂತ ಜಾಸ್ತಿ.

ನಾನು ಹೊನ್ನಾವರದ ಕಡೆಯವಳು. ನಮ್ಮಲ್ಲಿ ಬಾವಿಕಟ್ಟೆ ಪಕ್ಕ ಒಂದು ಪೊದೆ ಮಜ್ಜಿಗೆ ಹುಲ್ಲು ಇದ್ದೇ ಇರುತ್ತಿತ್ತು. ಅಜ್ಜಿ ಎರಡು ಎಲೆ ಜಜ್ಜಿ ಮಜ್ಜಿಗೆಯಲ್ಲಿ ಅದ್ದಿಟ್ಟು, ಆಮೇಲೆ ತೆಗೆದು, ಉಪ್ಪು ಹಾಕಿ ಕೊಡುತ್ತಿದ್ದಳು. ಇಲ್ಲಿ ಮರಾಠಿಯಲ್ಲಿ ಅದಕ್ಕೆ ಗವತಿ ಚಹಾ ಅನ್ನುತ್ತಾರೆ, ಅಂದರೆ ಹುಲ್ಲಿನ ಚಹಾ. ಮುಂಬೈ ಮಾರ್ಕೆಟಿನಲ್ಲಿ ಹರಿ ಚಾಯ್ ಅಂದರೂ ತೆಗೆದು ಕೊಡುತ್ತಾರೆ. ಬೇರೆ ಬೇರೆ ಹೆಸರು, ಹುಲ್ಲು ಒಂದೇ. ಆದರೆ ಹುಲ್ಲು ಒಂದೇ ಹೌದೋ ಅಲ್ಲವೋ ಅನ್ನುವುದೇ ನನ್ನ ಮೊದಲ ಪೆಟ್ಟು. ಈ ನರ್ಸರಿಗೆ ಹೋಗುವ ಮೊದಲು ಮನೆ ಹತ್ತಿರದ ಬೇರೆ ಒಂದು ಅಂಗಡಿಯಲ್ಲಿ ಲೆಮನ್‌ಗ್ರಾಸ್ ಎಂದು ಹೇಳಿ ಕೊಟ್ಟದ್ದನ್ನು ಎಂಟು ತಿಂಗಳು ನೀರು ಹಾಕಿ ಬೆಳೆಸಿದ್ದೆ. ಚೆನ್ನಾಗಿಯೇ ಬೆಳೆಯಿತು. ಚಹಾ ಮಾಡಿದರೆ ಕುಡಿಯಲು ಆಗಲಿಲ್ಲ, ನೆಲ ಒರೆಸುವ ನೀರಿನ ವಾಸನೆ. ಅದು ಸಿಟ್ರೊನೆಲಾ. ಎರಡೂ ಸಿಂಬೊಪೋಗನ್ ಅನ್ನುವ ಒಂದೇ ಕುಲದ ಹುಲ್ಲುಗಳು, ಎಲೆ ನೋಡಿದರೆ ಅಣ್ಣ ತಮ್ಮ ಇದ್ದ ಹಾಗೆ. ಸಿಟ್ರೊನೆಲಾ ಎಣ್ಣೆ ತೆಗೆಯಲು ಬೆಳೆಯುವುದು, ಅಡುಗೆಗಲ್ಲ.

ಇಲ್ಲಿ ಅದನ್ನೇ ಹೇಳಿದೆ. ಸೊಸೆ ಏನೂ ಮಾತಾಡದೆ ಒಂದು ಚೀಲ ಎತ್ತಿ, ಹುಲ್ಲಿನ ಬುಡವನ್ನು ಎರಡು ಬೆರಳಲ್ಲಿ ಬಿಡಿಸಿ ತೋರಿಸಿದಳು. ಬಿಳಿ, ಮೇಲಕ್ಕೆ ಬರುತ್ತಾ ತಿಳಿ ಹಸಿರು. ಸಿಟ್ರೊನೆಲಾ ಆದರೆ ಬುಡದಲ್ಲಿ ಕೆಂಪು, ನೇರಳೆ ಬಣ್ಣ ಇರುತ್ತದೆ. ಆಮೇಲೆ ಎಲೆಯ ತುದಿ ಹರಿದು ಉಜ್ಜಿ ಮೂಸಲು ಕೊಟ್ಟಳು. ನಿಂಬೆ ಸಿಪ್ಪೆಯ ವಾಸನೆ, ಬೇರೆ ಏನೂ ಇಲ್ಲ. ಆ ವಾಸನೆ ಬರುವುದು ಸಿಟ್ರಾಲ್ ಅನ್ನುವ ಅಂಶದಿಂದ. ಮಜ್ಜಿಗೆ ಹುಲ್ಲಿನ ಎಣ್ಣೆಯಲ್ಲಿ ಮುಕ್ಕಾಲು ಪಾಲಿನಷ್ಟು ಅದೇ ಇರುತ್ತದೆ. ಗಿರಾಕಿ ಕೇಳುವ ಮೊದಲೇ ಬುಡ ಬಿಡಿಸಿ ತೋರಿಸುವ ಅಂಗಡಿ ನಾನು ಇದುವರೆಗೆ ನೋಡಿರಲಿಲ್ಲ. ನೀವು ಎಲ್ಲೇ ಕೊಂಡರೂ ಈ ಎರಡು ಪರೀಕ್ಷೆ ಮಾಡದೆ ದುಡ್ಡು ಕೊಡಬೇಡಿ.

ಆರು ಚೀಲ ಮಜ್ಜಿಗೆ ಹುಲ್ಲು ತಂದೆ, ಒಂದಕ್ಕೆ 40 ರೂಪಾಯಿ. ಪ್ರತಿ ಚೀಲದಲ್ಲಿ ಮೂರು ನಾಲ್ಕು ತೆಂಡೆ (ಬುಡದಿಂದ ಒಡೆಯುವ ಮರಿ) ಇದ್ದವು. ಬೇರು ಚೀಲದ ತಳ ಮುಟ್ಟಿತ್ತು, ಆದರೆ ಸುತ್ತಿಕೊಂಡಿರಲಿಲ್ಲ. ಜೂನ್ ಎರಡನೇ ವಾರ ನೆಟ್ಟೆ. ಆರಕ್ಕೆ ಆರೂ ಹಿಡಿದವು. ನವೆಂಬರಿನಲ್ಲಿ ಮೊದಲ ಕಟಾವು, ಆಮೇಲೆ ಎರಡೂವರೆ ಮೂರು ತಿಂಗಳಿಗೆ ಒಂದರಂತೆ. ನೆಲದಿಂದ ಒಂದು ಗೇಣು ಬಿಟ್ಟು ಕೊಯ್ಯಬೇಕು, ಅದಕ್ಕಿಂತ ಕೆಳಗೆ ಕೊಯ್ದರೆ ಚಿಗುರು ತಡವಾಗುತ್ತದೆ. ಕೈಗೆ ಗ್ಲೌಸ್ ಹಾಕಿಕೊಳ್ಳಿ, ಅಂಚು ಬ್ಲೇಡಿನ ಹಾಗೆ ಸೀಳುತ್ತದೆ. ಹುಲ್ಲಿನ ವಿಷಯದಲ್ಲಿ ನನಗೆ ಒಂದೂ ತಕರಾರಿಲ್ಲ.

ತಕರಾರು ಇರುವುದು ಅವರ ಮಣ್ಣಿನ ಮಿಶ್ರಣದ ಮೇಲೆ. ಇದು ಮೊದಲ ಬೇಸರ. ಟೆರೇಸಿನ ಎರಡು ಕುಂಡಕ್ಕೆಂದು ಒಂದು ದೊಡ್ಡ ಚೀಲ ರೆಡಿ ಮಣ್ಣು ಕೊಂಡೆ, 280 ರೂಪಾಯಿ. ಮೇಲೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಕಾಣುತ್ತಿತ್ತು, ಒಳಗೆ ಬಹುಪಾಲು ಕೆಂಪು ಮಣ್ಣು. ಎರಡು ತಿಂಗಳಿಗೆ ಇಟ್ಟಿಗೆಯ ಹಾಗೆ ಗಟ್ಟಿಯಾಗಿ, ನೀರು ಮೇಲೆಯೇ ನಿಂತು, ಕುಂಡದ ಹುಲ್ಲಿನ ತುದಿ ಕಂದು ಬಣ್ಣಕ್ಕೆ ತಿರುಗಿತು. ಬಿಚ್ಚಿ ನೋಡಿದರೆ ಬೇರು ಕುಂಡದ ಗೋಡೆಗೆ ಅಂಟಿಕೊಂಡಿದೆ, ನಡುವೆ ಏನೂ ಇಲ್ಲ. ಪೋಯಟಾ ಮಣ್ಣು (ಇಲ್ಲಿ ಮೆಕ್ಕಲು ಮಣ್ಣಿಗೆ ಹಾಗೆ ಅನ್ನುತ್ತಾರೆ), ಹಳೇ ಕೊಟ್ಟಿಗೆ ಗೊಬ್ಬರ, ಸ್ವಲ್ಪ ದಪ್ಪ ಮರಳು ಸೇರಿಸಿ ನಾನೇ ಮತ್ತೆ ತುಂಬಿದೆ. ಮೂರು ವಾರದಲ್ಲಿ ಹೊಸ ತೆಂಡೆ ಬಂತು. ಗಿಡ ಅಲ್ಲಿ ತೆಗೆದುಕೊಳ್ಳಿ, ಮಣ್ಣು ನೀವೇ ಮಾಡಿಕೊಳ್ಳಿ.

ಈಗ ಜೋಡಿ ಗಿಡಗಳ ವಿಷಯ. ಅವರಲ್ಲಿ ಒಂದು ಸೆಟ್ ಸಿಗುತ್ತದೆ, ಗವತಿ ಚಹಾ ಜೊತೆ ನೆಡಲು ಐದು ಗಿಡ, 350 ರೂಪಾಯಿ. ಪುದೀನ, ತುಳಸಿ, ಚೆಂಡು ಹೂವು, ಲೋಳೆಸರ, ಮತ್ತು ಸೊಳ್ಳೆ ಗಿಡ ಎಂದು ಮಾರುವ ಒಂದು ಜೆರೇನಿಯಂ. ಎಲ್ಲಾ ಔಷಧಿ ಗಿಡ, ಎಲ್ಲಾ ವಾಸನೆ ಗಿಡ, ಒಟ್ಟಿಗೆ ಇದ್ದರೆ ಚೆಂದ ಎಂದು ಯಾರಿಗಾದರೂ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತು. ಎಲ್ಲಾ ಒಂದೇ ಪಾತಿಯಲ್ಲಿ ಹಾಕಿದೆ. ಮಜ್ಜಿಗೆ ಹುಲ್ಲಿಗೆ ಇಡೀ ದಿನ ಬಿಸಿಲು ಬೇಕು, ಜೊತೆಗೆ ನೀರೂ ಜಾಸ್ತಿ ಬೇಕು, ಬೇಸಿಗೆಯಲ್ಲಿ ನಾನು ದಿನಾ ಕೊಡುತ್ತೇನೆ. ಆ ನೀರು ಪಕ್ಕದ ಲೋಳೆಸರಕ್ಕೆ ವಿಷ. ಒಂದೂವರೆ ತಿಂಗಳಲ್ಲಿ ಬುಡ ಕೊಳೆತು ಮಗುಚಿ ಬಿತ್ತು. ಲೋಳೆಸರದ ತಪ್ಪಲ್ಲ, ಹುಲ್ಲಿನದ್ದೂ ಅಲ್ಲ. ಒಂದೇ ಬಾಯಾರಿಕೆ ಇಲ್ಲದವರನ್ನು ಒಂದೇ ಪಾತಿಯಲ್ಲಿ ಕೂರಿಸಿದೆವು, ಅಷ್ಟೇ.

ಪುದೀನಕ್ಕೆ ನೀರು ಸರಿ ಹೋಯಿತು, ಅದಕ್ಕೂ ತೇವ ಬೇಕು. ಆದರೆ ಅದು ನೆಲದೊಳಗೆ ಬಳ್ಳಿಯ ಹಾಗೆ ಓಡುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಹುಲ್ಲಿನ ಪೊದೆಯೊಳಗೆ ನುಗ್ಗಿ, ತೆಂಡೆಗಳ ನಡುವಿಂದ ತಲೆ ಎತ್ತಿತ್ತು. ಕೀಳಲು ಹೋದರೆ ಹುಲ್ಲಿನ ಬೇರೂ ಬರುತ್ತದೆ. ಈಗ ಅದನ್ನು ಒಂದು ಕುಂಡದಲ್ಲಿ ಹಾಕಿ, ಕುಂಡವನ್ನೇ ಪಾತಿಯಲ್ಲಿ ಅರ್ಧ ಹೂತಿದ್ದೇನೆ. ನೀರು ಸಿಗುತ್ತದೆ, ಬೇರು ಓಡುವುದಿಲ್ಲ. ಚಹಾಕ್ಕೆ ಎರಡೂ ಒಟ್ಟಿಗೆ ಕಿತ್ತುಕೊಂಡು ಬರಬಹುದು, ಆ ಒಂದು ಸುಖಕ್ಕಾಗಿ ಇಬ್ಬರೂ ಹತ್ತಿರ ಇರಲೇಬೇಕು ನನಗೆ.

ತುಳಸಿ ಮೊದಲ ವರ್ಷ ಸೊರಗಿತು. ಅದಕ್ಕೆ ಕಾರಣ ನೆರಳು. ಹುಲ್ಲು ನಾಲ್ಕು ಅಡಿ ಮೀರುತ್ತದೆ, ಎಲೆ ಬಾಗಿ ಸುತ್ತಲೂ ಎರಡು ಅಡಿ ಚಾಚುತ್ತದೆ. ಪುಣೆಯಲ್ಲಿ ವರ್ಷದ ಬಹುಪಾಲು ಸೂರ್ಯ ದಕ್ಷಿಣಕ್ಕೆ ವಾಲಿಕೊಂಡೇ ಹೋಗುತ್ತಾನೆ. ಹಾಗಾಗಿ ನೆರಳು ಉತ್ತರಕ್ಕೆ ಬೀಳುತ್ತದೆ. ನಾನು ತುಳಸಿಯನ್ನು ಹುಲ್ಲಿನ ಉತ್ತರಕ್ಕೆ ನೆಟ್ಟಿದ್ದೆ. ದಕ್ಷಿಣಕ್ಕೆ ಬದಲಾಯಿಸಿದೆ, ಎರಡು ಅಡಿ ದೂರ ಬಿಟ್ಟೆ, ಈಗ ಚೆನ್ನಾಗಿದೆ. ಎತ್ತರದ್ದು ಉತ್ತರದ ಅಂಚಿಗೆ, ಗಿಡ್ಡದ್ದು ದಕ್ಷಿಣಕ್ಕೆ. ಸೆಟ್ ಜೊತೆ ಈ ಒಂದು ಮಾತು ಬರೆದ ಚೀಟಿ ಕೊಟ್ಟಿದ್ದರೆ ನನ್ನ ಒಂದು ವರ್ಷ ಉಳಿಯುತ್ತಿತ್ತು.

ಚೆಂಡು ಹೂವಿನ ಬಗ್ಗೆ ಕಾಕಾ ಹೇಳಿದ್ದು, ಇದನ್ನು ಪಕ್ಕದಲ್ಲಿ ಹಾಕಿದರೆ ಹುಳ ಬರುವುದಿಲ್ಲ. ಅರ್ಧ ನಿಜ. ಚೆಂಡು ಹೂವಿನ ಬೇರಿನಿಂದ ಬರುವ ರಾಸಾಯನಿಕ ಬೇರುಗಂಟು ಮಾಡುವ ಜಂತುಹುಳುಗಳನ್ನು ಕೊಲ್ಲುತ್ತದೆ, ಅದು ಸಂಶೋಧನೆಯಲ್ಲಿ ಕಂಡದ್ದೇ. ಆದರೆ ಅದರ ಪೂರ್ತಿ ಲಾಭ ಸಿಗುವುದು ಒಂದು ಹಂಗಾಮು ಆ ಜಾಗದ ತುಂಬಾ ಚೆಂಡು ಹೂವನ್ನೇ ಬೆಳೆದು, ಆಮೇಲೆ ಟೊಮೆಟೊ ಬದನೆ ಹಾಕಿದರೆ. ಮೂಲೆಯಲ್ಲಿ ಒಂದು ಗಿಡ ಇದ್ದರೆ ಹೂವು ಸಿಗುತ್ತದೆ, ದಸರೆಗೆ ಬಾಗಿಲಿಗೆ ಮಾಲೆ ಆಗುತ್ತದೆ, ಜೇನುಹುಳ ಬರುತ್ತವೆ. ನನಗೆ ಅಷ್ಟೂ ಸಾಕು. ಹುಳದ ಮಾತು ಬೇರೆ.

ಸೊಳ್ಳೆಯ ವಿಷಯ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ, ಯಾಕೆಂದರೆ ಮಕ್ಕಳಿರುವ ಮನೆಯವರು ಇದನ್ನು ನಂಬಿ ಗಿಡ ಕೊಳ್ಳುತ್ತಾರೆ. ಸೊಳ್ಳೆ ಗಿಡ ಎಂದು ಮಾರುವ ಆ ಜೆರೇನಿಯಂ ಸುಮ್ನೆ ಕುಂಡದಲ್ಲಿ ಇದ್ದರೆ ಸೊಳ್ಳೆ ಓಡುವುದಿಲ್ಲ. ಪರೀಕ್ಷೆ ಮಾಡಿ ನೋಡಿದವರು ಗಿಡದ ಮೇಲೇ ಸೊಳ್ಳೆ ಕೂತದ್ದನ್ನು ಕಂಡಿದ್ದಾರೆ. ಮಜ್ಜಿಗೆ ಹುಲ್ಲೂ ಅಷ್ಟೇ, ಸಿಟ್ರೊನೆಲಾವೂ ಅಷ್ಟೇ. ಎಣ್ಣೆ ತೆಗೆದು ಮೈಗೆ ಹಚ್ಚಿದರೆ ಸ್ವಲ್ಪ ಹೊತ್ತು ಸೊಳ್ಳೆ ದೂರ ಇರುತ್ತದೆ, ಅದೂ ಬೇಗ ಆರಿ ಹೋಗುತ್ತದೆ. ಪುಣೆಯಲ್ಲಿ ಮಳೆಗಾಲ ಬಂದರೆ ಡೆಂಗಿ ಹೆದರಿಕೆ ಇದ್ದದ್ದೇ. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ, ಅದು ಗಿಡಕ್ಕಿಂತ ದೊಡ್ಡ ಕೆಲಸ. ಇದನ್ನು ಸೊಸೆಗೂ ಹೇಳಿದೆ. "ಗಿರಾಕಿ ಅದನ್ನೇ ಕೇಳ್ತಾರ್ರೀ ಅಕ್ಕಾ, ಏನ್ ಮಾಡೂದು" ಎಂದಳು. ಮುಂದಿನ ಸಲ ಹೋದಾಗ ಸೆಟ್‌ನಲ್ಲಿ ಆ ಗಿಡ ಬೇಡ ಎಂದೆ, ಅದರ ಬದಲು ಒಂದು ಒಂದೆಲಗದ ಕುಂಡ ಕೊಟ್ಟಳು.

ಆ ಒಂದೆಲಗ ಈ ಪಾತಿಗೆ ಸಿಕ್ಕ ಅತಿ ಒಳ್ಳೆಯ ನೆಂಟ. ಸೆಟ್ ಮಾಡಿದವರಿಗೆ ಅದು ಹೊಳೆಯದೇ ಇದ್ದದ್ದು ನನಗೆ ಆಶ್ಚರ್ಯ. ಅದಕ್ಕೆ ತೇವ ಬೇಕು, ಹುಲ್ಲಿಗೆ ಹಾಕಿದ ನೀರೇ ಸಾಕು. ಬಿಸಿಲು ಅಷ್ಟು ಬೇಡ, ಬಾಗಿದ ಎಲೆಗಳ ಕೆಳಗೆ ಆರಾಮಾಗಿ ಹರಡುತ್ತದೆ. ಬೇರು ಮೇಲ್ಮೇಲೇ, ಕೀಳುವುದು ಸುಲಭ. ಖಾಲಿ ನೆಲ ಮುಚ್ಚಿಕೊಳ್ಳುವುದರಿಂದ ಕಳೆ ಕಡಿಮೆಯಾಯಿತು, ಏಪ್ರಿಲ್ ಮೇ ತಿಂಗಳ ಬಿಸಿಲಲ್ಲೂ ಮಣ್ಣು ಸಂಜೆವರೆಗೆ ತಂಪಾಗಿರುತ್ತದೆ. ವಾರಕ್ಕೊಮ್ಮೆ ತಂಬುಳಿಗೆ ಒಂದು ಹಿಡಿ ಸಿಗುತ್ತದೆ. ಊರಿಂದ ಬಂದ ಆಯಿ (ನಮ್ಮ ಕಡೆ ಅಮ್ಮನಿಗೆ ಆಯಿ ಅನ್ನುತ್ತೇವೆ, ಇಲ್ಲಿಯ ಮರಾಠಿಯವರ ಹಾಗೇ) ಪಾತಿ ನೋಡಿ ಮೊದಲು ಕೈ ಹಾಕಿದ್ದು ಅದಕ್ಕೇ.

ಹುಲ್ಲಿನ ಪೂರ್ವಕ್ಕೆ ಶುಂಠಿ, ಅರಿಶಿನ ಹಾಕಿದ್ದೇನೆ. ಬೆಳಗಿನ ಬಿಸಿಲು ಸಿಗುತ್ತದೆ, ಮಧ್ಯಾಹ್ನದ ನಂತರ ಪೊದೆಯ ನೆರಳು. ಎರಡಕ್ಕೂ ಅದೇ ಇಷ್ಟ. ಒಂದೂವರೆ ಅಡಿ ದೂರ ಬಿಡಿ, ಜನವರಿಯಲ್ಲಿ ಗಡ್ಡೆ ಅಗೆಯುವಾಗ ಹುಲ್ಲಿನ ಬೇರು ಕತ್ತರಿಸಬಾರದು ನೋಡಿ. ನಡುವಿನ ಜಾಗಕ್ಕೆ ಒಂದು ಸಲ ಅಲಸಂದೆ ಹಾಕಿದ್ದೆ, ಬೆಳೆದದ್ದು ತಿಂದು ಬಳ್ಳಿಯನ್ನು ಅಲ್ಲೇ ಮಣ್ಣಿಗೆ ಹೊದಿಕೆ ಮಾಡಿದೆ.

ಇನ್ನು ಲಾವಂಚ. ಮಜ್ಜಿಗೆ ಹುಲ್ಲಿಗೆ ಹೋಗಿ ಇದನ್ನೂ ತಂದೆ, ಈಗ ಇದರ ಮೇಲೆಯೇ ಪ್ರೀತಿ ಜಾಸ್ತಿ. ಮರಾಠಿಯಲ್ಲಿ ವಾಳಾ. ನಮ್ಮ ಹಿತ್ತಲು ಕಾಂಪೌಂಡ್ ಗೋಡೆಯ ಕಡೆಗೆ ಇಳಿಜಾರು. ಪುಣೆಯ ಮಳೆ ನಮ್ಮ ಹೊನ್ನಾವರದ ಮಳೆಯ ಕಾಲು ಭಾಗವೂ ಇಲ್ಲ, ಆದರೆ ಬಂದಾಗ ಒಂದೇ ಗಂಟೆ ಧೋ ಎಂದು ಸುರಿದು ಮೇಲಿನ ಒಳ್ಳೆಯ ಮಣ್ಣನ್ನೆಲ್ಲಾ ಗೋಡೆ ಬುಡಕ್ಕೆ ಒಯ್ಯುತ್ತಿತ್ತು. ಕಾಕಾ ಜಾಗದ ಫೋಟೋ ನೋಡಿ, 40 ಕಡ್ಡಿ ಲಾವಂಚ ಕೊಟ್ಟು, ಅಡ್ಡಲಾಗಿ ಒಂದೇ ಸಾಲು, ಗೇಣಿಗಿಂತ ಹತ್ತಿರ ನೆಡಿ ಎಂದರು. ಕಡ್ಡಿಗೆ 8 ರೂಪಾಯಿ. ಅವರು ಹೇಳಿದ ಇನ್ನೊಂದು ಮಾತು ನನಗೆ ತುಂಬಾ ಹಿಡಿಸಿತು. ಎಲೆಗೆ ವಾಸನೆ ಇರುವುದಿಲ್ಲ, ವಾಸನೆ ಬೇರಿನಲ್ಲಿ ಮಾತ್ರ, ಪರಿಮಳಕ್ಕೆಂದು ಸಾಲು ಹಾಕಿದರೆ ನಿರಾಸೆ ಆಗುತ್ತದೆ ಎಂದು ಮೊದಲೇ ಹೇಳಿಬಿಟ್ಟರು. ಮಾರುವವರು ಹೀಗೆ ಹೇಳುವುದು ಅಪರೂಪ ಅಲ್ವಾ.

ಲಾವಂಚದ ಬೇರು ಅಡ್ಡ ಹರಡುವುದಿಲ್ಲ, ಸೀದಾ ಕೆಳಗೆ ಇಳಿಯುತ್ತದೆ. ಒಳ್ಳೆಯ ಮಣ್ಣಾದರೆ ಒಂದು ವರ್ಷದಲ್ಲಿ 3 ಮೀಟರ್ ತನಕ ಹೋಗುತ್ತದೆ. ಆದ್ದರಿಂದ ಪಕ್ಕದ ಗಿಡದ ಅನ್ನ ಕಸಿಯುವುದು ಕಡಿಮೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನವರು ಮಣ್ಣಿನ ಸವಕಳಿ ತಡೆಯಲು ಇದನ್ನು ಲೋಕದ ತುಂಬಾ ಪ್ರಚಾರ ಮಾಡಿದರು, ಆದರೆ ನಮ್ಮ ಗುಂಡ್ಲುಪೇಟೆ ಕಡೆಯ ರೈತರು ಅದಕ್ಕೂ ಬಹಳ ಹಿಂದಿನಿಂದ ಹೊಲದ ಬದುವಿಗೆ ಇದನ್ನೇ ಬೇಲಿಯಾಗಿ ನೆಡುತ್ತಿದ್ದರು. ದಕ್ಷಿಣದ ತಳಿ ಬೀಜ ಕಟ್ಟಿ ಹರಡುವುದಿಲ್ಲ, ಉತ್ತರ ಭಾರತದ ಕಾಡು ತಳಿ ಹರಡುತ್ತದೆ. ಕೊಳ್ಳುವಾಗ ಇದನ್ನು ಕೇಳಿಯೇ ಕೊಳ್ಳಿ. ಜೋಳ ಬೆಳೆಯುವವರಿಗೆ ಇನ್ನೊಂದು ಉಪಯೋಗ ಇದೆ: ಕಾಂಡಕೊರಕದ ಚಿಟ್ಟೆ ಲಾವಂಚದ ಮೇಲೆ ಇಷ್ಟಪಟ್ಟು ಮೊಟ್ಟೆ ಇಡುತ್ತದೆ, ಮರಿ ಅದನ್ನು ತಿಂದು ಬದುಕುವುದಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ಮೆಕ್ಕೆಜೋಳದ ಜೊತೆ ಇಟ್ಟು ನೋಡಿದ್ದಾರೆ.

ನಮ್ಮಲ್ಲಿ ಮೊದಲ ಮಳೆಗಾಲ ಸಾಲಿನಲ್ಲಿ ಸಂದಿ ಇತ್ತು, ಮಣ್ಣು ಸ್ವಲ್ಪ ಹೋಯಿತು. ಎರಡನೇ ವರ್ಷ ಸಾಲು ಕೂಡಿಕೊಂಡಿತು. ಈಗ ಸಾಲಿನ ಮೇಲ್ಗಡೆ ನಾಲ್ಕು ಬೆರಳು ಮೆತ್ತಗಿನ ಮಣ್ಣು ತಾನಾಗಿ ನಿಂತಿದೆ, ಅಲ್ಲೇ ಈ ವರ್ಷ ಕೊತ್ತಂಬರಿ ಬಿತ್ತಿದ್ದೇನೆ. ಬೇರಿಗೆಂದು ಎರಡು ಕಡ್ಡಿಯನ್ನು ಬೇರೆಯಾಗಿ ಎತ್ತರದ ಸಿಮೆಂಟ್ ಚೀಲದಲ್ಲಿ ಮರಳು ಮಣ್ಣು ತುಂಬಿ ಬೆಳೆಸಿದೆ. ಹದಿನಾರು ತಿಂಗಳಿಗೆ ಚೀಲ ಸೀಳಿ, ಮಣ್ಣು ತೊಳೆದು, ನೆರಳಲ್ಲಿ ಒಣಗಿಸಿದೆ. ಒಂದು ಹಿಡಿ ಕಟ್ಟು ಮಣ್ಣಿನ ಮಡಕೆಗೆ ಹಾಕಿದ ದಿನ ಪಕ್ಕದ ಮನೆಯ ವಹಿನಿ ನೀರು ಕುಡಿದು, ಅಂಗಡಿಯ ವಾಳಾಕ್ಕೆ ಈ ವಾಸನೆ ಇಲ್ಲ ಎಂದರು. ನನಗೆ ಕಣ್ಣು ತುಂಬಿ ಬಂತು, ನಿಜವಾಗಿ.

ಎರಡನೇ ಬೇಸರ ಮನೆಗೆ ತಂದುಕೊಡುವ ವ್ಯವಸ್ಥೆ. ಮರುವರ್ಷ ಮೇ ತಿಂಗಳಲ್ಲಿ ಫೋನಿನಲ್ಲಿ ಇನ್ನೂ 20 ಕಡ್ಡಿ ಹೇಳಿದೆ. ಬೇರೆಯವರ ಸಾಮಾನಿನ ಜೊತೆ ತೆರೆದ ಟೆಂಪೋದಲ್ಲಿ, ನಡುಮಧ್ಯಾಹ್ನ, ಗೋಣಿ ಕೂಡ ಹೊದಿಸದೆ ಕಳಿಸಿದರು. ಬೇರು ಒಣಗಿ ದಾರದ ಹಾಗಾಗಿತ್ತು. ಎಂಟು ಹಿಡಿಯಲೇ ಇಲ್ಲ. ಫೋಟೋ ಕಳಿಸಿದೆ, ಅಂಗಡಿಗೆ ಬಂದು ತೆಗೆದುಕೊಂಡು ಹೋಗಿ ಎಂದರು. ಹೋದಾಗ ಎಂಟೂ ಕೊಟ್ಟರು, ಮಾತಿಗೆ ತಪ್ಪಲಿಲ್ಲ, ಆದರೆ ನಮ್ಮ ಮನೆ ಇರುವ ಧಾಯರಿಯಿಂದ ಅಷ್ಟು ದೂರದ ಪೆಟ್ರೋಲ್ ನನ್ನದೇ. ಸಾಗಿಸುವಾಗ ಒದ್ದೆ ಗೋಣಿ ಸುತ್ತಿದ್ದರೆ ಸಾಕಿತ್ತು.

ನನ್ನ ಕೊನೆಯ ಲೆಕ್ಕ ಹೀಗಿದೆ. ಹುಲ್ಲಿಗೆ, ಲಾವಂಚಕ್ಕೆ, ಅವರು ಕೊಡುವ ಸಮಯಕ್ಕೆ ಐದಕ್ಕೆ ಐದು. ಜೋಡಿ ಗಿಡದ ಸೆಟ್‌ಗೆ ಎರಡು. ಮಣ್ಣಿಗೆ ಒಂದು. ಸೆಟ್ ಬೇಡ ಎಂದು ಹೇಳಿ, ತುಳಸಿ, ಪುದೀನ, ಒಂದೆಲಗ ಬಿಡಿಬಿಡಿಯಾಗಿ ತೆಗೆದುಕೊಳ್ಳಿ, 350ರ ಬದಲು 120ರಲ್ಲಿ ಮುಗಿಯುತ್ತದೆ.

ಹೋಗುವುದಾದರೆ ಜೂನ್ ಮೊದಲ ಮಳೆ ಬಿದ್ದ ಮೇಲೆ ಹೋಗಿ, ಬೆಳಿಗ್ಗೆ ಹತ್ತರ ಒಳಗೆ. ತುಕಾರಾಮರ ಪಾಲಖಿ (ಪಂಢರಪುರಕ್ಕೆ ಹೋಗುವ ಪಲ್ಲಕ್ಕಿ ಯಾತ್ರೆ) ಇದೇ ಸೋಲಾಪುರ ರಸ್ತೆಯಲ್ಲಿ ಸಾಗುತ್ತದೆ, ಆ ದಿನಗಳಲ್ಲಿ ಗಾಡಿ ತೆಗೆದುಕೊಂಡು ಹೋಗಬೇಡಿ, ವಾರಕರಿಗಳ ಜೊತೆ ನಡೆಯುವ ಮನಸ್ಸಿದ್ದರೆ ಬೇರೆ ಮಾತು. ಮನೆಯಿಂದ ಎರಡು ಒದ್ದೆ ಗೋಣಿಚೀಲ ಒಯ್ಯಿರಿ. ಧಾಯರಿ, ವಡಗಾವ್, ಸಿಂಹಗಡ ರಸ್ತೆ ಕಡೆ ಇರುವವರು ಅಷ್ಟು ದೂರ ಹೋಗುವುದೂ ಬೇಡ. ನನ್ನ ಆರು ಪೊದೆಗಳಲ್ಲಿ ಎರಡನ್ನು ಈ ಜೂನ್‌ನಲ್ಲಿ ಒಡೆಯಬೇಕು, ನಡು ಒಣಗುತ್ತಾ ಬಂದಿದೆ. ಒಂದೊಂದರಿಂದ ಹದಿನೈದು ಇಪ್ಪತ್ತು ತೆಂಡೆ ಸಿಗುತ್ತವೆ. ಬೇಕಾದವರು ಇಲ್ಲೇ ಕೆಳಗೆ ಬರೆಯಿರಿ, ದುಡ್ಡು ಬೇಡ, ಬುಡ ಬಿಡಿಸಿ ಬಣ್ಣ ನೋಡಿಯೇ ತೆಗೆದುಕೊಂಡು ಹೋಗಿ.